ಚೀಟಿ ಕಳದ್ರ ಅವರದೇನು ಕಳೀತು?

ಅಪ್ಪನ ಫೋನ್ ಬಂದಾಗ ನಾನು ಮೀಟಿಂಗ್‌ನಲ್ಲಿದ್ದೆ. ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಬಂದಾಗ ಎದೆ ಧಸಕ್ಕೆಂದಿತು. ಅವ್ವನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು, ಅವತ್ತೇ ಡಿಸ್ಚಾರ್ಜ್. ಲ್ಯಾಪ್‌ಟಾಪ್ ಹಾಗೇ ಬಿಟ್ಟು ಹೊರಗೆ ಓಡಿಬಂದು ಫೋನ್ ಎತ್ತಿದೆ.

“ಯವ್ವಾ, ಇಲ್ಲಿ ಗಾಡಿ ಬಿಡವಲ್ರು.”

ಅವ್ವ ಆರಾಮಿದ್ದಾಳೆ ಅಂತ ಗೊತ್ತಾಗಿ ಮೊದಲು ಸಮಾಧಾನವಾಯಿತು. ಆಮೇಲೆ ಸಿಟ್ಟು ಬಂತು. ಇಷ್ಟಕ್ಕೆ ಮೂರು ಸಲ ಫೋನಾ?

ನಡೆದದ್ದು ಇಷ್ಟು. ಅಪ್ಪ ಊರಿಂದ ಕಲಬುರಗಿಗೆ ತನ್ನ ಸ್ಪ್ಲೆಂಡರ್ ಮೇಲೆಯೇ ಹೋಗಿದ್ದ. ಸುಮಾರು ಎಂಬತ್ತು ಕಿಲೋಮೀಟರ್. ಬಸ್ಸಿಗೆ ಹೋಗು ಅಂದರೆ ಕೇಳುವ ಮನುಷ್ಯ ಅಲ್ಲ. ಆಸ್ಪತ್ರೆ ಪಕ್ಕದ ಪಾರ್ಕಿಂಗ್‌ನಲ್ಲಿ ಗಾಡಿ ನಾಲ್ಕು ದಿನ ನಿಂತಿತ್ತು. ಔಷಧಿ ಬಿಲ್ಲು, ಸ್ಕ್ಯಾನಿಂಗ್ ಬಿಲ್ಲು, ರಕ್ತ ಪರೀಕ್ಷೆ ಚೀಟಿ ಎಲ್ಲ ಒಂದೇ ಜೇಬಿನಲ್ಲಿ. ಯಾವುದೋ ಕೌಂಟರಿನಲ್ಲಿ ಪಾರ್ಕಿಂಗ್ ಚೀಟಿಯೂ ಜಾರಿಹೋಗಿತ್ತು. ಗೇಟಿನಲ್ಲಿದ್ದ ಹುಡುಗ ಲೆಕ್ಕ ಹಾಕಿದ: ಚೀಟಿ ಕಳೆದದ್ದಕ್ಕೆ ದಂಡ 500, ಮೂರು ರಾತ್ರಿಗೆ ‘ನೈಟ್ ಚಾರ್ಜ್’ 300, ನಾಲ್ಕು ದಿನಕ್ಕೆ 80. ಒಟ್ಟು 880 ರೂಪಾಯಿ. ಅಪ್ಪ ಆರ್‌ಸಿ ಕಾರ್ಡ್ ತೆಗೆದು ತೋರಿಸಿದರೆ, ಅದು ಇಲ್ಲಿ ನಡೆಯಂಗಿಲ್ಲ ಅಂದನಂತೆ. ಅತ್ತ ಬಾಡಿಗೆ ಕಾರಿನಲ್ಲಿ ಅವ್ವ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಕುಳಿತಿದ್ದಾಳೆ. ಜೊತೆಗೆ ಕಾಕಾ.

“ಕೊಟ್ಟು ಬಿಡಪ್ಪ. ಕಾಕಾಗ ಹೇಳು, ಅವರ ಕ್ಯೂಆರ್ ಫೋಟೋ ಹೊಡೆದು ಕಳಿಸ್ಲಿ. ನಾ ಹಾಕ್ತೀನಿ.”

“ರೊಕ್ಕದ ಮಾತಲ್ಲವಾ...”

“ಅಪ್ಪಾ, ನಾ ಮೀಟಿಂಗ್‌ನ್ಯಾಗ ಅದೀನಿ.”

ಫೋಟೋ ಬಂತು, 880 ಹಾಕಿದೆ, ಒಳಗೆ ಹೋದೆ. ಎರಡು ನಿಮಿಷದ ಕೆಲಸ. ದೂರದಲ್ಲಿರುವ ನಮ್ಮಂಥ ಮಕ್ಕಳಿಗೆ ಊರಿನ ಯಾವ ತೊಂದರೆಯಾದರೂ ಹೀಗೆ ಎರಡು ನಿಮಿಷದಲ್ಲಿ ಪರಿಹಾರವಾಗಿಬಿಡುತ್ತದೆ ಅಲ್ಲವೇ?

ಆ ವಾರಾಂತ್ಯ ಊರಿಗೆ ಹೋದೆ. ಅವ್ವ ಗೆಲುವಾಗಿದ್ದಳು. ಅಪ್ಪ ಮಾತ್ರ ಒಂದು ಮಾತೂ ಆಡಲಿಲ್ಲ. ರಾತ್ರಿ ಊಟವಾದ ಮೇಲೆ ಕಾಕಾ ನನ್ನನ್ನು ಹೊರಗೆ ಕರೆದು ಹೇಳಿದರು. ಗೇಟಿನ ಹುಡುಗ ಎಲ್ಲರ ಮುಂದೆ, “ಚೀಟಿ ಇಲ್ಲಂದ್ರ ಕದ್ದ ಗಾಡಿನೋ ಏನೋ, ಯಾರಿಗ್ಗೊತ್ತು” ಅಂದಿದ್ದ. ಹಿಂದೆ ಗಾಡಿ ತೆಗೆಯಲು ನಿಂತವರೆಲ್ಲ ಅಪ್ಪನ ಮುಖ ನೋಡಿದರಂತೆ. ಅರವತ್ತರ ಹತ್ತಿರದ ಮನುಷ್ಯ, ಹದಿನೈದು ವರ್ಷ ತಾನೇ ಓಡಿಸಿದ ಗಾಡಿಯ ಮುಂದೆ ನಿಂತು, “ಇದು ನಂದೇ ಅದರಿ” ಅಂತ ಹೇಳಬೇಕಾಗಿತ್ತು. ನಾನು ಮೂರನೇ ಸಲಕ್ಕೆ ಫೋನ್ ಎತ್ತಿದ್ದು ಆಗ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅಪ್ಪನೇ ಕೇಳಿದ.

“ಅಲ್ಲವಾ, ನೀ ಓದಿದಾಕಿ. ಒಂದು ಹೇಳು ನನಗ. ಚೀಟಿ ಕಳದ್ರ ಅವರದೇನು ಕಳೀತು?”

ನನ್ನ ಬಳಿ ಉತ್ತರ ಇರಲಿಲ್ಲ. “ರೂಲ್ಸ್ ಹಂಗಿರ್ತಾವಪ್ಪ” ಅಂದೆ. ಅಂದಮೇಲೆ ನನಗೇ ನಾಚಿಕೆಯಾಯಿತು.

ಅಪ್ಪ ಈ ಪ್ರಶ್ನೆ ಕೇಳಿದ್ದಕ್ಕೆ ಕಾರಣವಿದೆ. ನಮ್ಮೂರು ಅಬ್ಬೆತುಮಕೂರು. ವಿಶ್ವಾರಾಧ್ಯರ ಮಠದ ಜಾತ್ರೆಗೆ ಬಂದವರಿಗೆ ಆ ಗದ್ದಲ ಗೊತ್ತಿರುತ್ತದೆ. ರಸ್ತೆಗೆ ಹತ್ತಿದ ನಮ್ಮ ಹೊಲ ತೊಗರಿ ರಾಶಿ ಮುಗಿದ ಮೇಲೆ ಖಾಲಿ ಇರುತ್ತದೆ. ಜಾತ್ರೆ ದಿನ ಓಣಿಯ ಹುಡುಗರು ಅಲ್ಲಿ ಹಗ್ಗ ಕಟ್ಟಿ ಗಾಡಿ ನಿಲ್ಲಿಸಿಕೊಳ್ಳುತ್ತಾರೆ. ಅಪ್ಪ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಚೀಟಿ ಹರಿಯುತ್ತಾನೆ. ಅಂದರೆ ವರ್ಷಕ್ಕೊಮ್ಮೆ ನಮ್ಮಪ್ಪನೂ ಪಾರ್ಕಿಂಗ್ ಗುತ್ತಿಗೆದಾರನೇ! ತೇರಿನ ನೂಕುನುಗ್ಗಲಿನಲ್ಲಿ ಚೀಟಿ ಕಳೆದುಕೊಂಡು ಬರುವವರಿಗೆ ಲೆಕ್ಕವಿಲ್ಲ. ಅಪ್ಪ ನಂಬರ್ ಹೇಳು ಅಂತಾನೆ, ಚಾವಿ ಹಚ್ಚಿ ತೋರ್ಸು ಅಂತಾನೆ, ಅನುಮಾನ ಬಂದರೆ ಕಾಗದ ಕೇಳುತ್ತಾನೆ. ಆಮೇಲೆ ಗಾಡಿ ಬಿಡುತ್ತಾನೆ. ಚೀಟಿ ಇರುವುದು ಗಾಡಿ ಸರಿಯಾದ ಮನುಷ್ಯನ ಕೈಗೆ ಹೋಗಲಿ ಅಂತ. ಅದನ್ನು ಬೇರೆ ದಾರಿಯಿಂದ ಖಾತ್ರಿ ಮಾಡಿಕೊಂಡರೆ ಮುಗಿಯಿತಲ್ಲ ಅನ್ನುವುದು ಅವನ ಲೆಕ್ಕ.

ಕಾಕಾ ಹೇಳಿದ ಇನ್ನೊಂದು ಸಂಗತಿ ಆಗ ನೆನಪಾಯಿತು. ನಾನು ರೊಕ್ಕ ಹಾಕಿದ ಮೇಲೆ ಆ ಹುಡುಗ ಆರ್‌ಸಿಯನ್ನು ನೋಡಲೇ ಇಲ್ಲ. ನಂಬರ್ ಬರೆದುಕೊಳ್ಳಲಿಲ್ಲ, ಸಹಿ ತೆಗೆದುಕೊಳ್ಳಲಿಲ್ಲ. ಫೋನ್ ‘ಟಿಂಗ್’ ಅಂದಿದ್ದೇ ತಡ, ಗಾಡಿ ತಗೊಂಡು ಹೋಗ್ರಿ ಅಂದ. ಕಳ್ಳತನದ ಚಿಂತೆ ನಿಜವಾಗಿಯೂ ಇದ್ದಿದ್ದರೆ? ಆವತ್ತು 880 ರೂಪಾಯಿ ಕೊಟ್ಟ ಯಾರು ಬೇಕಾದರೂ ಅಪ್ಪನ ಗಾಡಿ ಒಯ್ಯಬಹುದಿತ್ತು.

ಇದು ಹೊಳೆದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮೊದಲು ವಾಟ್ಸ್ಯಾಪ್‌ನಲ್ಲಿ ಓಡಾಡುವ ಆ ಮೆಸೇಜಿನ ಮಾತು ಹೇಳಿಬಿಡುತ್ತೇನೆ. ‘ಮಾಲ್, ಆಸ್ಪತ್ರೆಗಳಲ್ಲಿ ಪಾರ್ಕಿಂಗ್ ಶುಲ್ಕವೇ ಕಾನೂನುಬಾಹಿರ, ಕೊಡಬೇಡಿ’ ಅಂತ ಬರುತ್ತದಲ್ಲ, ಅದನ್ನು ನಂಬಿ ಗೇಟಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ಮಾಲ್‌ಗಳು ಪಾರ್ಕಿಂಗ್ ಶುಲ್ಕ ವಸೂಲಿ ಮಾಡುವಂತಿಲ್ಲ ಅಂತ 2019ರಲ್ಲಿ ಗುಜರಾತ್ ಹೈಕೋರ್ಟ್ ಹೇಳಿದ್ದು ನಿಜ. ತೆಲಂಗಾಣ ಸರ್ಕಾರ 2018ರಲ್ಲಿ ಮಾಲ್, ಮಲ್ಟಿಪ್ಲೆಕ್ಸ್‌ಗಳಲ್ಲಿ ಮೊದಲ ಅರ್ಧ ಗಂಟೆ ಉಚಿತ ಅಂತ ಆದೇಶ ಮಾಡಿದ್ದೂ ನಿಜ. ಆದರೆ ಕೇರಳ ಹೈಕೋರ್ಟ್ ಕಟ್ಟಡದ ಮಾಲೀಕರು ಶುಲ್ಕ ತೆಗೆದುಕೊಳ್ಳಬಹುದು ಅಂದಿದೆ. ಒಂದು ರಾಜ್ಯದ ಆದೇಶ ತಂದು ಇನ್ನೊಂದು ರಾಜ್ಯದ ಗೇಟಿನಲ್ಲಿ ತೋರಿಸಿದರೆ ನಡೆಯುವುದಿಲ್ಲ. ಅಷ್ಟಕ್ಕೂ ಅಪ್ಪನ ತಕರಾರು ಶುಲ್ಕದ ಬಗ್ಗೆ ಇರಲೇ ಇಲ್ಲ. “ನಾಲ್ಕು ದಿನ ನಿಲ್ಸಿದ್ದು ಖರೆ. ಎಂಬತ್ತು ಅವರದೇ” ಅನ್ನುತ್ತಿದ್ದ. ತಕರಾರು ಉಳಿದ 800ರದ್ದು.

ಕಾಲೇಜಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಈಗ ವಕೀಲೆ. ಅವಳಿಗೆ ಫೋನ್ ಮಾಡಿದರೆ ಮೊದಲು ಬೈದಳು. “ಗಾಡಿ ಬಿಡಲ್ಲ ಅಂದಾಗಲೇ 112ಕ್ಕೆ ಫೋನ್ ಮಾಡೋದಲ್ವಾ? ಪೊಲೀಸರು ಬಂದು ಆರ್‌ಸಿ ನೋಡಿದ್ರೆ ಮುಗೀತಿತ್ತು. ದಂಡ ಹಾಕೋಕೆ ಅವನು ಯಾರು?” ದಂಡ ಅನ್ನುವುದು ಕಾನೂನು ಅಧಿಕಾರ ಕೊಟ್ಟವರು ಹಾಕುವಂಥದ್ದು, ಸಂಚಾರ ಪೊಲೀಸರ ಹಾಗೆ. ಖಾಸಗಿ ಪಾರ್ಕಿಂಗ್‌ನವರ ಚೀಟಿ ಮೇಲೆ ‘ದಂಡ’ ಅಂತ ಅಚ್ಚಾಗಿದ್ದರೂ ಅದು ಅವರಿಗೂ ನಮಗೂ ನಡುವಿನ ಒಪ್ಪಂದದ ಒಂದು ಷರತ್ತು, ಅಷ್ಟೇ.

ಆ ಷರತ್ತಿಗೂ ಒಂದು ಮಿತಿಯಿದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ ಕಲಂ 74ರ ಪ್ರಕಾರ, ಒಪ್ಪಂದ ಮುರಿದರೆ ಇಷ್ಟು ಕೊಡಬೇಕು ಅಂತ ಬರೆದಿದ್ದರೂ ಬರೆದಷ್ಟೂ ತಾನಾಗಿಯೇ ಸಿಗುವುದಿಲ್ಲ. ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ. ನೂರೈವತ್ತು ವರ್ಷದ ಹಿಂದಿನ ಕಾಯ್ದೆಯ ಈ ಸಾಲನ್ನು ಗೆಳತಿ ಓದಿ ಹೇಳಿದಾಗ ನನಗೆ ನಗು ಬಂತು. ಏಳನೇ ಇಯತ್ತೆ ಓದಿದ ನಮ್ಮಪ್ಪ ಚಹಾ ಕುಡಿಯುತ್ತಾ ಕೇಳಿದ್ದೂ ಇದನ್ನೇ ಅಲ್ಲವೇ? ಅವರದೇನು ಕಳೀತು?

ಪಾರ್ಕಿಂಗ್‌ನವರ ಕಡೆಯೂ ಒಂದು ಮಾತಿದೆ, ಇಲ್ಲವೆನ್ನುವುದಿಲ್ಲ. ಹತ್ತು ದಿನ ಗಾಡಿ ನಿಲ್ಲಿಸಿ, ಚೀಟಿ ಹರಿದು ಬಿಸಾಕಿ, ‘ಈಗ ಬಂದೆ’ ಅನ್ನುವವರು ಇರುತ್ತಾರೆ. ಚೀಟಿ ಇಲ್ಲದೆ ಎಷ್ಟು ದಿನದ ಲೆಕ್ಕ ಹಾಕಬೇಕು? ಆದರೆ ನಮ್ಮ ವಿಷಯದಲ್ಲಿ ಅವ್ವ ಅಡ್ಮಿಟ್ ಆದ ದಿನಾಂಕ ಆಸ್ಪತ್ರೆಯ ಕಾಗದದಲ್ಲೇ ಇತ್ತು. ಅವರೇ ನಾಲ್ಕು ದಿನ ಅಂತ ಒಪ್ಪಿ 80 ಹಿಡಿದಿದ್ದರು. ದಿನ ಗೊತ್ತಿತ್ತು, ಮಾಲೀಕ ಯಾರೆಂದು ಆರ್‌ಸಿ ಹೇಳುತ್ತಿತ್ತು. ಹಾಗಾದರೆ 500 ಯಾತಕ್ಕೆ?

ಅವ್ವನ ಹೊಲಿಗೆ ತೆಗೆಸಲು ಹೋದಾಗ ನಾನೂ ರಜೆ ಹಾಕಿ ಹೋದೆ. ಪಾರ್ಕಿಂಗ್ ಗೇಟಿನ ಫಲಕದ ಫೋಟೋ ತೆಗೆದೆ. ‘ದ್ವಿಚಕ್ರ ವಾಹನ 24 ಗಂಟೆಗೆ 20 ರೂ.’ ಅಷ್ಟೇ. ನೈಟ್ ಚಾರ್ಜ್ ಇಲ್ಲ, ಚೀಟಿ ಕಳೆದರೆ ಏನು ಅನ್ನುವುದೂ ಇಲ್ಲ. ಒಂದು ಚೀಟಿ ತೆಗೆದುಕೊಂಡು ಹಿಂದೆ ತಿರುಗಿಸಿದೆ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ ಎರಡು ಸಾಲು: ಟಿಕೆಟ್ ಕಳೆದರೆ 500 ದಂಡ, ವಾಹನಕ್ಕೆ ಮಾಲೀಕರೇ ಜವಾಬ್ದಾರರು. ನಿಮ್ಮ ಗಾಡಿ ಕಳೆದರೆ ನಮಗೆ ಸಂಬಂಧವಿಲ್ಲ, ನಮ್ಮ ಚೀಟಿ ಕಳೆದರೆ ನೀವು 500 ಕೊಡಿ! ಈ ಎರಡು ಸಾಲನ್ನು ಅಕ್ಕಪಕ್ಕ ಅಚ್ಚು ಹಾಕಿಸಿದವರ ಧೈರ್ಯ ಮೆಚ್ಚಬೇಕು.

ಆ ಎರಡನೇ ಸಾಲಿನ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ ಅಂತ ಗೆಳತಿ ಹೇಳಿದಳು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ವ್ಯಾಲೆಟ್ ಪಾರ್ಕಿಂಗ್‌ಗೆ ಕೊಟ್ಟ ಮಾರುತಿ ಝೆನ್ ಕಾರು ಕಳುವಾಯಿತು. ‘ಮಾಲೀಕರ ಹೊಣೆ’ ಅಂತ ಚೀಟಿಯಲ್ಲಿ ಬರೆದಿದೆ ಅಂತ ಹೋಟೆಲ್ ವಾದಿಸಿತು. ಕೇಸು ಇಪ್ಪತ್ತೊಂದು ವರ್ಷ ನಡೆದು, 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಹಾಗೆ ಬರೆದ ಮಾತ್ರಕ್ಕೆ ತಮ್ಮ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲಿನವರು ಜಾರಿಕೊಳ್ಳುವಂತಿಲ್ಲ ಅಂದಿತು. ತೀರ್ಪು ಬರೆದವರು ನಮ್ಮ ಹಾವೇರಿ ಜಿಲ್ಲೆಯ ಚಿಕ್ಕೇರೂರಿನ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಅದು ಚಾವಿ ಕೊಟ್ಟು ನಿಲ್ಲಿಸುವ ಹೋಟೆಲ್ ಪಾರ್ಕಿಂಗ್‌ನ ಮಾತು, ಅಪ್ಪನ ಸ್ಪ್ಲೆಂಡರಿಗೆ ಹಾಗೇ ಅಂಟುವುದಿಲ್ಲ. ಆದರೂ ಚೀಟಿ ಹಿಂದೆ ಅಚ್ಚು ಹಾಕಿದ್ದೆಲ್ಲ ಕಾನೂನಾಗುವುದಿಲ್ಲ ಅನ್ನುವ ಧೈರ್ಯ ನನಗೆ ಬಂದದ್ದು ಅದರಿಂದ.

ಇನ್ನು ಸಾಕ್ಷಿ. ಅಪ್ಪನಿಗೆ 880ಕ್ಕೆ ರಸೀದಿ ಕೊಟ್ಟಿರಲಿಲ್ಲ. ಕೇಳಿದ್ದಕ್ಕೆ 20 ರೂಪಾಯಿಯ ಒಂದು ಚೀಟಿ ಹರಿದು ಕೊಟ್ಟಿದ್ದರು. ಆದರೆ ನನ್ನ ಫೋನಿನಲ್ಲಿ ಎಲ್ಲವೂ ಇತ್ತು. ಅಪ್ಪ ಫೋನ್ ಮಾಡಿದ ಸಮಯ, ಕಾಕಾ ಕಳಿಸಿದ ಕ್ಯೂಆರ್ ಫೋಟೋ, ಯುಪಿಐ ವಹಿವಾಟಿನ ಸಂಖ್ಯೆ. ಯಾವ ಪುಣ್ಯಕ್ಕೋ ರಿಮಾರ್ಕ್ಸ್‌ನಲ್ಲಿ ‘ಪಾರ್ಕಿಂಗ್’ ಅಂತ ಟೈಪ್ ಮಾಡಿದ್ದೆ. ಸರಿಯಾಗಿ ನೋಡಿದರೆ ರೊಕ್ಕ ಹೋಗಿದ್ದು ಚೀಟಿ ಮೇಲಿದ್ದ ಏಜೆನ್ಸಿ ಹೆಸರಿಗಲ್ಲ, ಯಾವುದೋ ಒಬ್ಬ ವ್ಯಕ್ತಿಯ ಹೆಸರಿಗೆ. ‘ಎರಡು ನಿಮಿಷದ ಕೆಲಸ’ ಅಂತ ಕಣ್ಣು ಮುಚ್ಚಿ ಒತ್ತಿದಾಗ ಆ ಹೆಸರು ನನ್ನ ಕಣ್ಣ ಮುಂದೆಯೇ ಬಂದು ಹೋಗಿತ್ತು.

ಅಪ್ಪನ ಹೆಸರಿನಲ್ಲಿ ಕನ್ನಡದಲ್ಲೇ ಒಂದು ಪತ್ರ ಬರೆದೆವು. ದಿನಾಂಕ, ಗಾಡಿ ನಂಬರ್, ಫಲಕದ ಫೋಟೋ, ಯುಪಿಐ ಸ್ಕ್ರೀನ್‌ಶಾಟ್, ಅವ್ವನ ಡಿಸ್ಚಾರ್ಜ್ ಕಾಗದದ ಪ್ರತಿ. ನಾನು ಮೊದಲು ಬರೆದದ್ದು ಎರಡು ಪುಟ, ಪೂರ್ತಿ ಸಿಟ್ಟು. ಗೆಳತಿ ಅದನ್ನು ಹನ್ನೆರಡು ಸಾಲಿಗೆ ಇಳಿಸಿದಳು. “ಫಲಕದಲ್ಲಿಲ್ಲದ 800 ರೂಪಾಯಿ ತೆಗೆದುಕೊಂಡಿದ್ದೀರಿ, ರಸೀದಿ ಕೊಟ್ಟಿಲ್ಲ, 15 ದಿನದಲ್ಲಿ ವಾಪಸ್ ಕೊಡಿ ಅಂತಷ್ಟೇ ಬರೀ. ಮಾನನಷ್ಟ, ಮನನೋವು ಎಲ್ಲ ಬೇಡ” ಅಂದಳು. ಅಪ್ಪ ಓದಿ, “ಕದ್ದ ಗಾಡಿ ಅಂದದ್ದು ಬರದಿಲ್ಲಲ್ಲ?” ಅಂದ. ಕೊನೆಗೆ ಒಂದು ಸಾಲು ಸೇರಿಸಿದೆವು. ಒಂದು ಪ್ರತಿ ಏಜೆನ್ಸಿಗೆ, ಒಂದು ಆಸ್ಪತ್ರೆಯವರಿಗೆ. ಯಾದಗಿರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಬಂದವನು ಅಪ್ಪನೇ. ಆ ರಸೀದಿಯನ್ನು ಮಾತ್ರ ಬೇರೆ ಜೇಬಿನಲ್ಲಿ ಇಟ್ಟುಕೊಂಡಿದ್ದ!

ಆಸ್ಪತ್ರೆಯಿಂದ ಉತ್ತರ ಬಂತು: ಪಾರ್ಕಿಂಗ್ ಗುತ್ತಿಗೆಗೆ ಕೊಟ್ಟಿದ್ದೇವೆ, ನಮಗೆ ಸಂಬಂಧವಿಲ್ಲ. ಏಜೆನ್ಸಿಯಿಂದ ಏನೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿ ದೂರು ದಾಖಲಿಸಿಕೊಂಡು ಒಂದು ಸಂಖ್ಯೆ ಕೊಟ್ಟರು. ಅದು ಕೋರ್ಟಲ್ಲ, ಆದೇಶ ಕೊಡಲು ಬರುವುದಿಲ್ಲ. ದೂರನ್ನು ಎದುರಿನವರಿಗೆ ಕಳಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಇಲ್ಲಿಯೂ ಏಜೆನ್ಸಿ ಮೌನ. ಒಂದು ತಿಂಗಳು ಹೀಗೇ ಹೋಯಿತು. ನನಗೆ ಆಫೀಸಿನ ಕೆಲಸ ಹೆಚ್ಚಾಗಿ ಮರೆತೇಬಿಡುತ್ತಿದ್ದೆನೇನೋ. ಆದರೆ ಪ್ರತಿ ಭಾನುವಾರ ಫೋನಿನಲ್ಲಿ ಅವ್ವ ಊಟದ ಮಾತು ಮುಗಿಸಿದ ಮೇಲೆ ಅಪ್ಪ ಕೇಳುತ್ತಿದ್ದ, “ಏನಂದ್ರವಾ ಅವರು?”

ಕೊನೆಗೆ ಗ್ರಾಹಕ ಆಯೋಗದ ದೂರನ್ನೇ ತಯಾರು ಮಾಡಿದೆವು. ಇದರಲ್ಲಿ ನನಗೆ ಗೊತ್ತೇ ಇರದ ಎರಡು ಸಂಗತಿಗಳಿದ್ದವು. ಸೇವೆಗೆ ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೇ ಇಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಇನ್ನೊಂದು ಇದಕ್ಕಿಂತ ದೊಡ್ಡದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡುವವನು ತಾನು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಅಂದರೆ ಕಲಬುರಗಿಯ ಗೇಟಿನಲ್ಲಿ ನಡೆದದ್ದಕ್ಕೆ ಅಪ್ಪ ಕಲಬುರಗಿಗೆ ಅಲೆಯಬೇಕಾಗಿಲ್ಲ. ಅವರೇ ನಮ್ಮ ಕಡೆ ಬರಬೇಕು. ಇದನ್ನು ಹೇಳಿದಾಗ ಅಪ್ಪನ ಮುಖ ನೋಡಬೇಕಿತ್ತು.

ದಂಡ ವಿಪರೀತವಾಗಿದೆ, ಷರತ್ತೇ ಅನ್ಯಾಯದ್ದು ಅಂತ ವಾದ ಮಾಡುವ ಅವಕಾಶವೂ ಆ ಕಾಯ್ದೆಯಲ್ಲಿದೆ. ಆದರೆ ‘ಅನ್ಯಾಯದ ಒಪ್ಪಂದ’ದ ದೂರು ರಾಜ್ಯ ಆಯೋಗಕ್ಕೆ ಹೋಗಬೇಕು. 800 ರೂಪಾಯಿಗೆ ಅಲ್ಲಿಯವರೆಗೆ ಬೇಡ ಅಂದಳು ಗೆಳತಿ. ಫಲಕದ ದರಕ್ಕಿಂತ ಹೆಚ್ಚು ವಸೂಲಿ, ರಸೀದಿ ಕೊಡದಿರುವುದು, ಇವೆರಡೇ ನಮಗೆ ಸಾಕಿತ್ತು. ಆನ್‌ಲೈನ್‌ನಲ್ಲಿ ಸಲ್ಲಿಸುವ ಮೊದಲು ಆ ದೂರಿನ ಪ್ರತಿಯನ್ನು ಏಜೆನ್ಸಿಗೂ ಆಸ್ಪತ್ರೆಗೂ ಮತ್ತೊಮ್ಮೆ ಕಳಿಸಿದೆವು. ಈ ಸಲ ರೊಕ್ಕ ಯಾರ ಖಾತೆಗೆ ಹೋಗಿದೆ ಅನ್ನುವ ಸ್ಕ್ರೀನ್‌ಶಾಟ್ ಮೊದಲ ಪುಟದಲ್ಲೇ ಇತ್ತು.

ನಾಲ್ಕನೇ ದಿನ ಅಪ್ಪನಿಗೆ ಫೋನ್ ಬಂತಂತೆ. ಏಜೆನ್ಸಿಯ ಮ್ಯಾನೇಜರ್. ಕಾಕಾ ಪಕ್ಕದಲ್ಲೇ ಇದ್ದರು, ಮಾತು ಹಾಗೇ ಹೇಳಿದರು.

“ಯಜಮಾನ್ರೇ, 500 ವಾಪಸ್ ಹಾಕ್ತೀವ್ರಿ, ಕೇಸ್‌ಗೀಸ್ ಬ್ಯಾಡ್ರಿ.”

“ಐದುನೂರು ಯಾತಕ್ಕರಿ?”

“ಮತ್ತ ಎಷ್ಟು ಬೇಕ್ರಿ?”

“ಬೇಕು ಅಲ್ಲರಿ. ನೀವು ತಗೊಂಡದ್ದು ಎಷ್ಟು, ಬರೋದು ಎಷ್ಟು, ಲೆಕ್ಕ ಹೇಳ್ರಿ.”

ಸ್ವಲ್ಪ ಹೊತ್ತು ಹಗ್ಗಜಗ್ಗಾಟ ನಡೆದು ಸಂಜೆ ನನ್ನ ಖಾತೆಗೆ 800 ರೂಪಾಯಿ ಬಂತು. ಅವರು ಪೂರ್ತಿ 880 ಹಾಕಲು ತಯಾರಿದ್ದರಂತೆ. ಅಪ್ಪನೇ ಬೇಡ ಅಂದ. ಗೇಟಿನ ಹುಡುಗ ಅಂದ ಮಾತಿಗೆ ಮ್ಯಾನೇಜರ್, “ಹುಡುಗರು ಏನರ ಅಂತಿರ್ತಾವ್ರಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ” ಅಂದು ಮುಗಿಸಿದನಂತೆ. ತಪ್ಪಾಯಿತು ಅನ್ನುವ ಶಬ್ದ ಬರಲಿಲ್ಲ. ಆಯೋಗಕ್ಕೆ ಹೋಗೋಣವೇ ಅಂತ ಅಪ್ಪನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಬಿಡು, ರೊಕ್ಕ ಕೊಟ್ಟಾರಂದ್ರ ಗಾಡಿ ನಂದು ಅಂತ ಒಪ್ಪಿದಂಗ ಆತಲ್ಲ” ಅಂದ. ಅವನಿಗೆ ಸಮಾಧಾನವಾಯಿತೋ, ನನಗಾಗಿ ಹಾಗಂದನೋ, ಇವತ್ತಿಗೂ ಗೊತ್ತಿಲ್ಲ.

ಮೂರು ತಿಂಗಳ ಮೇಲೆ ಅವ್ವನ ತಪಾಸಣೆಗೆ ಹೋದಾಗ ಫಲಕ ಬದಲಾಗಿತ್ತು. ಖುಷಿಯಿಂದ ಹತ್ತಿರ ಹೋಗಿ ನೋಡಿದರೆ ದೊಡ್ಡ ಕನ್ನಡ ಅಕ್ಷರದಲ್ಲಿ ಹೊಸದಾಗಿ ಬರೆಸಿದ್ದರು: ‘ಟಿಕೆಟ್ ಕಳೆದಲ್ಲಿ ರೂ. 500’. ನಮ್ಮ ದೂರಿನಿಂದ ಅವರು ಕಲಿತದ್ದು ಇದು! ಅಪ್ಪ ಫಲಕವನ್ನು ಎರಡು ಸಲ ಓದಿದ. ಚೀಟಿ ಕೈಗೆ ಬಂದ ತಕ್ಷಣ ಕಾಕಾನ ಫೋನಿನಲ್ಲಿ ಅದರ ಫೋಟೋ ಹೊಡೆಸಿದ. ಹಿಂದೆ ಮುಂದೆ ಎರಡೂ.

ಈ ಸಲದ ಜಾತ್ರೆಗೆ ನನಗೆ ಹೋಗಲಾಗಲಿಲ್ಲ. ತೇರಿನ ದಿನ ರಾತ್ರಿ ಒಂಬತ್ತರ ಸುಮಾರಿಗೆ ಅಪ್ಪನ ಫೋನ್ ಬಂತು. ಈಗೀಗ ಮೊದಲ ಸಲಕ್ಕೇ ಎತ್ತುತ್ತೇನೆ. ಹಿಂದೆ ಭಜನೆ, ಹಾರ್ನ್, ಮಂದಿಯ ಗದ್ದಲ.

“ಯವ್ವಾ, ಇಲ್ಲೊಬ್ಬ ಹುಡುಗ ಚೀಟಿ ಕಳಕೊಂಡಾನ. ಆರ್‌ಸಿ ಮನ್ಯಾಗ ಅದ ಅಂತ. ಫೋನಿನ್ಯಾಗ ತೋರಸ್ತೀನಿ ಅಂತಾನ, ಅದೇನೋ ಡಿಜಿ... ಅದು ನಡೀತದೇನು?”

“ಡಿಜಿಲಾಕರ್ ಅಪ್ಪ. ನಡೀತದ, ಪೊಲೀಸರೂ ಒಪ್ತಾರ.”

“ಅದ್ರಾಗ ಗಾಡಿ ನಂಬರ್ ಎಲ್ಲಿರ್ತದ?”

ಮೇಲ್ಗಡೆ ನೋಡು ಅಂದೆ. ಅಪ್ಪ ಒಂದೊಂದೇ ಅಂಕಿ ಜೋರಾಗಿ ಓದಿದ. ಆ ಕಡೆ ಯಾರೋ ಬ್ಯಾಟರಿ ಬಿಟ್ಟು ನಂಬರ್ ಪ್ಲೇಟ್ ನೋಡಿ ಹೂಂ ಅಂದರು. “ಚಾವಿ ಹಚ್ಚು” ಅಂದ ಅಪ್ಪ. ಗಾಡಿ ಒಂದೇ ಕಿಕ್ಕಿಗೆ ಶುರುವಾದದ್ದು ನನಗೂ ಕೇಳಿಸಿತು.